ವಾಸಿಯಾದ ಮಂಡಿ

ಡಾರ್ಲೀನಳ ಗಂಟಲು ಕಟ್ಟದೇ ಇದ್ದಿದ್ದರೆ ನೆಸ್ಟರ್ ಕೋಸ್ಟ್ಯುಕ್‌ನ ಪಾಲಿಗೆ ಆ ಗುರುವಾರವೂ ಉಳಿದೆಲ್ಲ ಗುರುವಾರಗಳ ಹಾಗೆ ಕುಂಟುತ್ತಲೇ ಕಳೆದುಹೋಗುತ್ತಿತ್ತು.

ಡಾರ್ಲೀನ್ ಎಂದರೆ ಪಾಪ್ಲರ್ ಬೆಂಡ್ ಊರಿಗಿದ್ದ ಒಂದೇ ಒಂದು ಕಾಫಿ ಅಂಗಡಿಯವಳು. ಮ್ಯಾನಿಟೋಬಾದ ಫೆಬ್ರವರಿ ತಿಂಗಳು, ಹೊರಗೆ ಸೊನ್ನೆಗಿಂತ ಇಪ್ಪತ್ತೆಂಟು ಡಿಗ್ರಿ ಕೆಳಗೆ. ಅಂಥ ಚಳಿಯಲ್ಲೂ ಬೆಳಿಗ್ಗೆ ಎಂಟಕ್ಕೆ ಊರಿನ ನಿವೃತ್ತರೆಲ್ಲ ಅವಳ ಉದ್ದನೆಯ ಮೇಜಿನ ಸುತ್ತ ಸೇರುತ್ತಿದ್ದರು. ಹವಾಮಾನದ ಮಾತು ಐದು ನಿಮಿಷ, ಗೋಧಿಯ ಮಾತು ಐದು ನಿಮಿಷ, ಆಮೇಲೆ ಹನ್ನೊಂದರವರೆಗೂ ಕಾಯಿಲೆ. ಒಬ್ಬನಿಗೆ ಸೊಂಟ, ಇನ್ನೊಬ್ಬನಿಗೆ ಮಲಬದ್ಧತೆ, ಮತ್ತೊಬ್ಬಳಿಗೆ ನಿದ್ದೆ ಹತ್ತದು. ಡಾಕ್ಟರ್ ಇದ್ದದ್ದು ಎಪ್ಪತ್ತು ಮೈಲಿ ದೂರದಲ್ಲಿ. ನೆಸ್ಟರ್ ಇದ್ದದ್ದು ಮೇಜಿನ ತುದಿಯಲ್ಲಿ.

ಧಾನ್ಯದ ಗೋದಾಮಿನ ಮ್ಯಾನೇಜರ್ ಆಗಿ ನಿವೃತ್ತನಾದ ಮೇಲೆ ಹನ್ನೊಂದು ವರ್ಷದಿಂದ ಅವನೇ ಆ ಮೇಜಿನ ವೈದ್ಯ. ಗಂಟಲಿಗೆ ಸೇಬಿನ ವಿನೆಗರ್ ಮತ್ತು ಜೇನು. ಮಲಗಿದಾಗ ಮೀನಖಂಡ ಸೆಟೆದುಕೊಂಡರೆ ಹಾಸಿಗೆಯ ಬಟ್ಟೆಯಡಿ ಒಂದು ಸೋಪು. ಕೀಲುನೋವಿಗೆ ಜಿನ್‌ನಲ್ಲಿ ನೆನೆಸಿದ ಒಣದ್ರಾಕ್ಷಿ, ದಿನಕ್ಕೆ ಒಂಬತ್ತು, ಹತ್ತಲ್ಲ. ಇವನ್ನೆಲ್ಲ ಆ ಸೀಮೆಯ ಮಕ್ಕಳೂ ಬಲ್ಲರು. ಆದರೆ ನೆಸ್ಟರ್ ಹೇಳುವಾಗ ಕಣ್ಣು ಮುಚ್ಚಿ, ಹಣೆ ಒತ್ತಿಕೊಂಡು, ಆಳದ ಬಾವಿಯಿಂದ ಕೊಡ ಎಳೆದಂತೆ ಎಳೆದೆಳೆದು ಹೇಳುತ್ತಿದ್ದ. ಜನ ಕಾಯುತ್ತಿದ್ದರು. ಆ ಕಾಯುವಿಕೆಯೇ ಅವನಿಗೆ ಸಂಬಳ.

ಅಕ್ಟೋಬರಿನಲ್ಲಿ ಆರ್ವಿಡ್ ಹಾಗನ್ ಬಂದ. ಹೆಂಡತಿ ತೀರಿಕೊಂಡ ಮೇಲೆ ಕೆನೋರಾದಿಂದ ಬಂದು ಈ ಊರಿನಲ್ಲಿ ಮನೆ ಹಿಡಿದಿದ್ದ. ಎತ್ತರದ ಆಳು, ಒಪ್ಪವಾಗಿ ಕತ್ತರಿಸಿದ ಬಿಳಿ ಗಡ್ಡ, ಎದುರಿಗಿದ್ದವರ ನೋವನ್ನು ತಾನೇ ಅನುಭವಿಸುತ್ತಿರುವಂತೆ ತಲೆ ಓರೆ ಮಾಡಿ ಕೇಳುವ ಅಭ್ಯಾಸ. ಕಾಡುಗುಲಾಬಿಯ ಕೆಂಪು ಕಾಯಿಗಳನ್ನು ಒಣಗಿಸಿ ಪುಡಿ ಮಾಡಿ, ಪುಟ್ಟ ಜಾಡಿಗಳಲ್ಲಿ ತುಂಬಿ, ಬಾಯಿಗೆ ಬಟ್ಟೆ ಕಟ್ಟಿ ಹಂಚುತ್ತಿದ್ದ. ನಾರ್ವೆಯ ಅವನ ಹಿರಿಯರ ಮದ್ದಂತೆ. ಕೀಲಿಗೂ ಅದೇ, ಕೆಮ್ಮಿಗೂ ಅದೇ. ಒಂದು ಕಾಸೂ ತೆಗೆದುಕೊಳ್ಳುತ್ತಿರಲಿಲ್ಲ. ನೆಸ್ಟರನ ಹೊಟ್ಟೆ ಹೆಚ್ಚು ಉರಿದದ್ದು ಅದಕ್ಕೇ. ಕಾಸು ಕೇಳಿದ್ದರೆ ಕಳ್ಳ ಎಂದಾದರೂ ಕರೆಯಬಹುದಿತ್ತು.

ಆ ಬೆಳಿಗ್ಗೆ ಡಾರ್ಲೀನ್ ಕಾಫಿಯ ಜಗ್ಗು ಹಿಡಿದು, ಕಪ್ಪೆಯಂಥ ದನಿಯಲ್ಲಿ ಎಲ್ಲರಿಗೂ ನಮಸ್ಕಾರ ಹೇಳುತ್ತ ಬಂದಳು. ನೆಸ್ಟರ್ ಕಣ್ಣು ಮುಚ್ಚಿ ಹಣೆ ಒತ್ತಿಕೊಂಡು ಸಿದ್ಧನಾದ. ಅವಳು ಅವನ ತಲೆಯ ಮೇಲಿಂದಲೇ ಆಚೆಗೆ ಬಗ್ಗಿದಳು.

"ಹಾಗನ್ ಸಾಹೇಬ್ರೆ, ಗಂಟ್ಲು ಹಿಡ್ಕೊಂಡ್ಬಿಟ್ಟಿದೆ. ಏನಾದ್ರೂ ಹೇಳಿ."

ನೆಸ್ಟರ್ ಕಣ್ಣು ತೆರೆದ. ಹನ್ನೊಂದು ವರ್ಷದಲ್ಲಿ ಅವಳು ತನ್ನನ್ನು ಒಮ್ಮೆಯಾದರೂ ಸಾಹೇಬ್ರೆ ಎಂದಿದ್ದಳೇ ಎಂದು ನೆನಪು ಮಾಡಿಕೊಂಡ. ಇರಲಿಲ್ಲ. ಹೊಟ್ಟೆಯೊಳಗೆ ಯಾರೋ ಒಲೆ ಹಚ್ಚಿ ಬಾಗಿಲು ಹಾಕಿಕೊಂಡು ಹೋದಂತಾಯಿತು.

ಸಾಲದ್ದಕ್ಕೆ ಪಕ್ಕದ ಮನೆಯ ಲಾರ್ನ್ ಮೆಕೀ. ಇನ್ನೊಬ್ಬರ ಪಾತ್ರೆಯಲ್ಲಿ ತನ್ನ ಸೌಟು ಆಡಿಸದೆ ಅವನಿಗೆ ಕೂಳು ರುಚಿಸುತ್ತಿರಲಿಲ್ಲ. "ನೆಸ್ಟರ್, ನೀನೂ ಆ ಪುಡಿ ತಗೋಬಾರ್ದೇನೋ ಮಾರಾಯ? ನೀನು ಮೆಟ್ಲು ಹತ್ತಿದ್ರೆ ಮಂಡಿ ಹಳೇ ಗೇಟಿನ ಥರ ಕಿರ್ ಅನ್ನುತ್ತೆ, ನಮ್ಮನೇಗೆ ಕೇಳ್ಸುತ್ತೆ."

ಆರ್ವಿಡ್ ತಲೆ ಓರೆ ಮಾಡಿದ. ನಾಳೆಯೇ ಒಂದು ಜಾಡಿ ತಂದುಕೊಡುತ್ತೇನೆಂದ. ಅವನ ಕಣ್ಣಲ್ಲಿ ನಿಜವಾದ ಮರುಕವಿತ್ತು. ಬೈಗುಳವನ್ನಾದರೆ ನೆಸ್ಟರ್ ತಡೆದುಕೊಳ್ಳುತ್ತಿದ್ದ, ಮರುಕ ತಡೆಯಲಾಗಲಿಲ್ಲ.

"ಬೇಡ," ಎಂದ. "ನನ್ನ ಮಂಡಿ ವಾಸಿಯಾಯ್ತು."

ಎಲ್ಲರ ತಲೆಯೂ ಅವನ ಕಡೆ ತಿರುಗಿತು. ಯಾವಾಗ ಎಂದು ಕೇಳಿದರು. ಭಾನುವಾರ. ಯಾವುದರಿಂದ? ನೆಸ್ಟರ್ ಕಣ್ಣು ಮುಚ್ಚಿ ಹಣೆ ಒತ್ತಿಕೊಂಡ. ಬಾವಿಯಲ್ಲಿ ಈ ಸಲ ನೀರೇ ಇರಲಿಲ್ಲ. ಆದರೂ ಹಗ್ಗ ಎಳೆದ. ಕೊಡದಲ್ಲಿ ಅಜ್ಜಿ ಬಂದಳು. ಅಜ್ಜಿ ಯುಕ್ರೇನಿನಿಂದ ತಂದ ಮದ್ದು ಎಂದ. ಹಿತ್ತಿಲಲ್ಲಿ ಬೆಳೆಯುವ ಖಾರದ ಮೂಲಂಗಿಯ ಬೇರನ್ನು ತುರಿಯಬೇಕು, ಹೆಬ್ಬಾತಿನ ಕೊಬ್ಬಿನಲ್ಲಿ ಕಲಸಬೇಕು, ಒಂದು ಚಮಚ ಸಾಸಿವೆ ಪುಡಿ ಹಾಕಿ, ಬಿಸಿ ಇರುವಾಗಲೇ ಮಂಡಿಗೆ ಮೆತ್ತಿ ಉಣ್ಣೆಬಟ್ಟೆ ಸುತ್ತಬೇಕು. ಅವನ ಅಜ್ಜಿ ಆ ಬೇರನ್ನು ತುರಿದದ್ದು ನಿಜ, ಆದರೆ ಅದು ಈಸ್ಟರ್ ಹಬ್ಬದ ಮಾಂಸದ ಜೊತೆ ನೆಂಚಿಕೊಳ್ಳುವುದಕ್ಕೆ. ಅದನ್ನು ತಿಂದವರಿಗೇ ಕಣ್ಣು ಮೂಗಲ್ಲಿ ನೀರು ಕಿತ್ತುಕೊಂಡು ಬರುತ್ತಿತ್ತು. ಮೈಗೆ ಹಚ್ಚಿದ ಪುಣ್ಯಾತ್ಮರು ಅದುವರೆಗೆ ಯಾರೂ ಇರಲಿಲ್ಲ.

ಲಾರ್ನ್ ಬಿಡಲಿಲ್ಲ. ಕೂತು ಎದ್ದು ತೋರಿಸು ಎಂದ. ನೆಸ್ಟರ್ ಕುಕ್ಕರುಗಾಲಲ್ಲಿ ಕೂತ, ಎದ್ದ. ಮಂಡಿಯೊಳಗೆ ಒಣಕಡ್ಡಿ ಮುರಿದಂತೆ ಸದ್ದಾಯಿತು. ಅದನ್ನು ಮುಚ್ಚಲು ದೊಡ್ಡದಾಗಿ ಕೆಮ್ಮಿದ. ಕಣ್ಣಲ್ಲಿ ಬಂದ ನೀರನ್ನು ಎಲ್ಲರೂ ಅಜ್ಜಿಯ ನೆನಪು ಎಂದುಕೊಂಡರು. ಡಾರ್ಲೀನ್ ಬಿಲ್ಲಿನ ಚೀಟಿಯ ಹಿಂಬದಿಯಲ್ಲಿ ಮದ್ದನ್ನು ಬರೆದುಕೊಂಡಳು. ಬೇರು ಎಷ್ಟು, ಕೊಬ್ಬು ಎಷ್ಟು ಎಂದು ಎರಡೆರಡು ಸಲ ಕೇಳಿದವನು ಆರ್ವಿಡ್. ಅವನ ಮುಖದ ಮೇಲೆ ಮೋಡದ ನೆರಳಿನಂಥದ್ದು ಹಾದುಹೋದದ್ದನ್ನು ನೆಸ್ಟರ್ ಗಮನಿಸಿದ. ಕಾಫಿಗೆ ಸಕ್ಕರೆ ಹಾಕಿಕೊಳ್ಳದಿದ್ದರೂ ಅಂದು ಸಿಹಿಯಾಗಿತ್ತು.

ಆ ಸಿಹಿ ಮೂರನೇ ಗುಟುಕಿನವರೆಗೆ ಇತ್ತು. ಲಾರ್ನ್ ಹೆಗಲ ಮೇಲೆ ಕೈಯಿಟ್ಟು, ಮಂಡಿ ಸರಿಹೋಯಿತಲ್ಲ, ಇನ್ನೇನು, ಸಂಜೆ ಊರವರೆಲ್ಲ ಸೇರುವ ಊಟಕ್ಕೆ ಸಮುದಾಯ ಭವನದ ಮೇಜುಗಳನ್ನು ನೆಲಮಾಳಿಗೆಯಿಂದ ಮೇಲೆ ತರೋಣ ಬಾ ಎಂದ. ಪ್ರತಿ ತಿಂಗಳ ಊಟಕ್ಕೂ ನೆಸ್ಟರ್ ಕುರ್ಚಿಯಲ್ಲಿ ಕೂತು ಬೇರೆಯವರಿಗೆ ದಾರಿ ತೋರಿಸುವುದು ರೂಢಿ. ಈಗ ಹದಿನಾಲ್ಕು ಮೆಟ್ಟಿಲು, ಒಂಬತ್ತು ಮೇಜು. ಲಾರ್ನ್ ಮೇಲಿನ ತುದಿ ಹಿಡಿದು ಹಿಮ್ಮುಖವಾಗಿ ಹತ್ತುತ್ತ ಊರಿನವರ ಮೂಲವ್ಯಾಧಿಯ ವಿಚಾರ ಹೇಳುತ್ತಿದ್ದ. ನೆಸ್ಟರ್ ಕೆಳಗಿನ ಭಾರ ಹೊತ್ತು ಹ್ಞೂಂಗುಟ್ಟುತ್ತಿದ್ದ. ಆರನೇ ಮೇಜಿಗೆ ಹ್ಞೂಂಗುಟ್ಟಲು ಉಸಿರಿರಲಿಲ್ಲ.

ಮಧ್ಯಾಹ್ನ ಕರ್ಲಿಂಗ್, ಮಂಜುಗಡ್ಡೆಯ ಮೇಲೆ ಭಾರದ ಕಲ್ಲನ್ನು ಗುರಿಯತ್ತ ಜಾರಿಸುವ ಆಟ. ಹಿರಿಯರ ತಂಡದಲ್ಲಿ ಒಬ್ಬನಿಗೆ ಜ್ವರ. ವಾಸಿಯಾದ ಮಂಡಿಯ ಸುದ್ದಿ ನೆಸ್ಟರನಿಗಿಂತ ಮೊದಲೇ ಅಲ್ಲಿಗೆ ತಲುಪಿತ್ತು. ಮಂಡಿ ಬಗ್ಗದ ಮುದುಕರು ಕೋಲಿನಿಂದ ಕಲ್ಲು ತಳ್ಳುವುದುಂಟು. ಕೋಲು ಕೊಡಿ ಎಂದು ಹೇಗೆ ಕೇಳುವುದು? ಕಲ್ಲಿನ ಹಿಡಿಕೆ ಹಿಡಿದ, ಒಂದು ಕಾಲು ಮುಂದೆ ಮಡಚಿ, ಇನ್ನೊಂದನ್ನು ಹಿಂದೆ ಚಾಚಿ, ಮಂಜುಗಡ್ಡೆಯ ಮೇಲೆ ಜಾರಿದ. ಕಲ್ಲನ್ನು ಬಿಡಬೇಕಾದ ಗೆರೆ ಬಂತು, ಹೋಯಿತು. ಮಂಡಿ ಸಿಕ್ಕಿಕೊಂಡಿತ್ತು, ಆಸರೆಗೆ ಇದ್ದದ್ದು ಕಲ್ಲೊಂದೇ. ಎಮ್ಮೆಯ ಬಾಲ ಹಿಡಿದು ಹೊಳೆ ದಾಟುವವನಂತೆ ಕಲ್ಲಿನ ಜೊತೆ ತಾನೂ ಮುಕ್ಕಾಲು ಅಂಕಣ ಹೋದ. ಏಳಲಾಗದೆ ಅಲ್ಲಿಯೇ ಬಗ್ಗಿ, ಮಂಜುಗಡ್ಡೆಯಲ್ಲಿ ಏನೋ ಬಿರುಕು ಹುಡುಕುವಂತೆ ನಟಿಸಿದ. ನೋಡುತ್ತಿದ್ದವರು, ಅರವತ್ತೆಂಟರಲ್ಲಿ ಇಂಥ ತುಂಟತನವೇ ಎಂದು ಚಪ್ಪಾಳೆ ತಟ್ಟಿದರು.

ಹೇಳಿಬಿಡಬಹುದಿತ್ತು. ನೆಸ್ಟರ್ ಮನೆಗೆ ನಡೆಯುತ್ತ ಹಲವು ಸಲ ಹಾಗೆಂದುಕೊಂಡ. ಆದರೆ ಹೇಳಿದ ಮರುಕ್ಷಣ ಆರ್ವಿಡ್ ತಲೆ ಓರೆ ಮಾಡುತ್ತಾನಲ್ಲ, ಆ ಓರೆ ತಲೆ ಕಣ್ಣಮುಂದೆ ಬಂದರೆ ಮಂಡಿನೋವೇ ವಾಸಿ ಅನ್ನಿಸುತ್ತಿತ್ತು.

ನಾಲ್ಕು ಗಂಟೆಗೆ ಲಾರ್ನ್ ಹಿಂಬಾಗಿಲಿಗೆ ಬಂದ. ಪ್ಯಾಂಟನ್ನು ಮಂಡಿಯ ಮೇಲಕ್ಕೆ ಮಡಚಿದ್ದ. ಅವನ ಮಂಡಿ ಬೀಟ್‌ರೂಟಿನ ಬಣ್ಣಕ್ಕೆ ತಿರುಗಿತ್ತು.

"ಉರೀತಿದೆ ಕಣೋ. ಮನೆಯೊಳಗೆ ಘಾಟಿಗೆ ನನ್ನ ಹೆಂಡ್ತಿ ಗ್ಯಾರೇಜಲ್ಲಿ ಕೂತಿದಾಳೆ."

"ಉರಿದ್ರೇನೇ ಮದ್ದು ಹಿಡೀತಾ ಇದೆ ಅಂತ ಲೆಕ್ಕ," ಎಂದ ನೆಸ್ಟರ್. ಬೇರೇನು ಹೇಳಬಲ್ಲ. ಲಾರ್ನ್ ಸಮಾಧಾನದಿಂದ, ಎರಡು ಕಾಲನ್ನೂ ಅಗಲಿಸಿಕೊಂಡು ಹಿಂತಿರುಗಿದ. ಅಂಗಡಿಯಲ್ಲಿ ಆ ಬೇರು ಮುಗಿದೇ ಹೋಯಿತೆಂದು, ಕೊನೆಯ ಗಡ್ಡೆ ತನಗೆ ಸಿಕ್ಕಿತೆಂದು ಹೋಗುತ್ತ ಹೇಳಿದ.

ನೆಸ್ಟರನ ಹೆಂಡತಿ ಸ್ಟೆಫಾ ಬೆಳಗಿನಿಂದ ಭವನದ ಅಡುಗೆಮನೆಯಲ್ಲಿ ಎಲೆಕೋಸಿನ ಸುರುಳಿ ಕಟ್ಟುತ್ತಿದ್ದವಳು ಬಟ್ಟೆ ಬದಲಿಸಲು ಬಂದಳು. ಸುದ್ದಿ ಅವಳಿಗೂ ಮುಟ್ಟಿತ್ತು. ಕೋಟು ಕೂಡ ಬಿಚ್ಚದೆ ಗಂಡನ ಎದುರು ನಿಂತಳು.

"ನಿಜ್ವಾಗ್ಲೂ ನೋವಿಲ್ವಾ?"

"ಒಂಚೂರೂ ಇಲ್ಲ."

ಅವಳು ಕಣ್ಣೊರೆಸಿಕೊಂಡಳು. ನೆಸ್ಟರನ ಮನಸ್ಸಿಗೆ ಒಂದು ಗಳಿಗೆ ಚುಚ್ಚಿತು. ಮದ್ದಿನ ವಿಚಾರ ಅವಳು ಎತ್ತಲೇ ಇಲ್ಲ. ಒಳ್ಳೆಯದೇ ಆಯಿತು ಎಂದುಕೊಂಡ.

ಸಂಜೆ ಆರಕ್ಕೆ ಭವನ ತುಂಬಿತ್ತು. ಬೀಟ್‌ರೂಟಿನ ಬೋರ್ಷ್ಟ್ ಸಾರು, ಕಡುಬಿನಂಥ ಪೆರೋಗಿ, ಎಲೆಕೋಸಿನ ಸುರುಳಿ. ಪ್ರತಿ ಮೇಜಿನಿಂದಲೂ ಜನ ನೆಸ್ಟರನ ಕಡೆಗೆ ತಟ್ಟೆ ಎತ್ತಿ ತೋರಿಸುತ್ತಿದ್ದರು. ಡಾರ್ಲೀನ್ ಅವನ ಪಕ್ಕದಲ್ಲೇ ಕೂತು ಸಾಹೇಬ್ರೆ ಎಂದಳು. ಆರ್ವಿಡ್ ದೂರದ ಮೂಲೆಯಲ್ಲಿ ಒಂಟಿಯಾಗಿ, ಮುಖ ಕೆಂಪು ಮಾಡಿಕೊಂಡು ಕೂತಿದ್ದ. ಅವನನ್ನು ನೋಡಿದಾಗಲೆಲ್ಲ ನೆಸ್ಟರ್ ಇನ್ನೊಂದು ಪೆರೋಗಿ ತಿಂದ.

ಊಟದ ಕೊನೆಗೆ ಸ್ಟೆಫಾ ಚಮಚದಿಂದ ಲೋಟ ತಟ್ಟಿ ಎದ್ದುನಿಂತಳು. ಹೆಂಡತಿ ತನ್ನನ್ನು ನಾಲ್ಕು ಜನರ ಮುಂದೆ ಹೊಗಳಿದ್ದು ನೆಸ್ಟರನಿಗೆ ನೆನಪಿರಲಿಲ್ಲ. ಟೈ ಸರಿಮಾಡಿಕೊಂಡ.

"ಒಂದು ಮಾತು ಹೇಳ್ಬೇಕು," ಎಂದಳು ಸ್ಟೆಫಾ. "ಇವನ ಮಂಡಿ ವಾಸಿಯಾದದ್ದು ಬೇರಿನಿಂದ ಅಲ್ಲ. ಹಾಗನ್ ಅವ್ರ ಹತ್ರ ಪುಡಿ ಇಸ್ಕೊಂಡು, ಮೂರು ವಾರದಿಂದ ದಿನಾ ಬೆಳಿಗ್ಗೆ ಇವನ ಓಟ್ಸ್ ಗಂಜಿಗೆ ಕಲಸ್ತಾ ಇದ್ದೆ. ಕೊಟ್ರೆ ಇವನು ತಗೋತಿರ್ಲಿಲ್ಲ."

ಎರಡೂ ಸೇರಿ ಆಗಿರಬೇಕು ಎಂದು ನೆಸ್ಟರ್ ತೊದಲಿದ. ನವೆಂಬರಿನಿಂದ ಹಿತ್ತಿಲ ನೆಲ ಹೆಪ್ಪುಗಟ್ಟಿ ಕಲ್ಲಾಗಿದೆ, ಎಲ್ಲಿಂದ ಅಗೆದೆ, ಯಾವ ಪಾತ್ರೆಯಲ್ಲಿ ಕೊಬ್ಬು ಕಾಯಿಸಿದೆ ಎಂದು ಅವಳು ಪ್ರೀತಿಯಿಂದಲೇ ಕೇಳಿದಳು. ಲಾರ್ನ್ ತನ್ನ ಮಂಡಿಯನ್ನು ಎರಡು ಕೈಯಲ್ಲಿ ಹಿಡಿದುಕೊಂಡು ಎದ್ದ.

"ಹಂಗಾದ್ರೆ ನಾನು ಹಚ್ಕೊಂಡಿದ್ದೇನೋ?"

ನೆಸ್ಟರ್ ಲೆಕ್ಕ ಹಾಕಿದ. ಪುಡಿ ಏನೂ ಮಾಡಿಲ್ಲ, ಮಂಡಿ ಈ ಕ್ಷಣದಲ್ಲೂ ಸೀಳಿಹೋಗುವಂತೆ ನೋಯುತ್ತಿದೆ ಎಂದರೆ ಆರ್ವಿಡ್ ನೆಲಕಚ್ಚುತ್ತಾನೆ. ಆದರೆ ಬೆಳಿಗ್ಗೆಯಿಂದ ಊರಿಗೆ ಊರನ್ನೇ ಸುಟ್ಟ ಸುಳ್ಳುಗಾರ ತಾನಾಗುತ್ತೇನೆ. ವಾಸಿಯಾಗಿದೆ ಎಂದರೆ ಕೀರ್ತಿಯೆಲ್ಲ ಗಂಜಿಗೆ. ಬಿಸಿತುಪ್ಪ ಬಾಯಿಗೆ ಬಿದ್ದಿತ್ತು.

"ಗಂಜೀದೇ ಇರ್ಬೇಕು," ಎಂದ.

"ಬೈಬೇಡಿ ಅವನ್ನ," ಎಂದಳು ಸ್ಟೆಫಾ. "ಪಾಪ, ಒಂಚೂರು ಹೊಟ್ಟೆಕಿಚ್ಚು ಅಷ್ಟೆ."

ನಗು ಎದ್ದಿತು. ಜನ ಕುರ್ಚಿ ಸರಿಸಿ ಆರ್ವಿಡ್‌ನ ಮೂಲೆಗೆ ನುಗ್ಗಿದರು. ಡಾರ್ಲೀನ್ ಎಲ್ಲರಿಗಿಂತ ಮುಂದಿದ್ದಳು. ಆರ್ವಿಡ್ ಹೇಗೋ ತಪ್ಪಿಸಿಕೊಂಡು ಹೊರಬಾಗಿಲ ಕಡೆ ಹೋದ. ಅಷ್ಟರಲ್ಲಿ ಅಕಾರ್ಡಿಯನ್ ವಾದ್ಯ ಶುರುವಾಯಿತು. ಪುಡಿಯಿಂದ ವಾಸಿಯಾದ ಮಂಡಿಯೇ ಮೊದಲು ಕುಣಿಯಬೇಕೆಂದು ಎಲ್ಲರೂ ಹಟ ಹಿಡಿದರು. ಸ್ಟೆಫಾ ನಾಚುತ್ತ ಕೈ ಚಾಚಿದಳು. ಏಳು ವರ್ಷದಿಂದ ಅವರು ಕುಣಿದಿರಲಿಲ್ಲ. ಒಂದು ಪೋಲ್ಕಾ ಕುಣಿತ ಮುಗಿಯುವಷ್ಟರಲ್ಲಿ ನೆಸ್ಟರನಿಗೆ ದೀಪಗಳು ಎರಡೆರಡಾಗಿ ಕಾಣತೊಡಗಿದವು.

ಗೋಡೆ ಹಿಡಿದುಕೊಂಡು ಕೋಟು ತೂಗುಹಾಕುವ ಕೋಣೆಗೆ ಹೋಗಿ ಬಾಗಿಲು ಎಳೆದುಕೊಂಡ. ಬೂಟುಗಳ ನಡುವಿನ ಬೆಂಚಿನ ಮೇಲೆ ಆರ್ವಿಡ್ ಕೂತಿದ್ದ. ಪ್ಯಾಂಟನ್ನು ಮಂಡಿಯ ಮೇಲಕ್ಕೆ ಮಡಚಿದ್ದ. ಬೀಟ್‌ರೂಟಿನ ಬಣ್ಣದ ಮಂಡಿಗೆ ಟೋಪಿಯಲ್ಲಿ ತುಂಬಿತಂದ ಹಿಮವನ್ನು ಒತ್ತಿ ಹಿಡಿದಿದ್ದ.

"ಈ ಉರಿ ಎಷ್ಟೊತ್ತಿಗೆ ನಿಲ್ಲುತ್ತೆ?" ಎಂದು ಕೇಳಿದ.

ನೆಸ್ಟರ್ ಅವನ ಪಕ್ಕದಲ್ಲೇ ಕುಸಿದು ಕೂತ. "ನೀವ್ಯಾಕೆ ಹಚ್ಕೊಂಡ್ರಿ? ನಿಮ್ಮ ಪುಡಿ ಇದೆಯಲ್ಲ."

ಆರ್ವಿಡ್ ಬಾಗಿಲು ಮುಚ್ಚಿದೆಯೇ ಎಂದು ನೋಡಿದ. ಎಂಟು ವರ್ಷದಿಂದ ದಿನವೂ ಆ ಪುಡಿ ತಿನ್ನುತ್ತಿದ್ದೇನೆ, ನನ್ನ ಮಂಡಿಗೆ ಎಳ್ಳಷ್ಟೂ ಗುಣವಾಗಿಲ್ಲ ಎಂದ. ಜನ ಕೇಳುತ್ತಾರೆ, ಸುತ್ತ ಕೂರುತ್ತಾರೆ, ಮನೆಗೆ ಹೋದರೆ ಮಾತಾಡಿಸುವವರಿಲ್ಲ, ಅದಕ್ಕೇ ಹಂಚುತ್ತೇನೆ ಎಂದ. ಬೆಳಿಗ್ಗೆ ನೀವು ಕೂತು ಎದ್ದದ್ದು ನೋಡಿ ಹೊಟ್ಟೆಕಿಚ್ಚು ತಡೆಯಲಾಗಲಿಲ್ಲ, ಮನೆಗೆ ಹೋಗಿ ಎರಡು ಪಟ್ಟು ಮೆತ್ತಿಕೊಂಡೆ ಎಂದ.

ಒಳಗಿನಿಂದ ಯಾರೋ ನೆಸ್ಟರನ ಹೆಸರು ಕೂಗುತ್ತಿದ್ದರು. ಇನ್ನೊಂದು ಪೋಲ್ಕಾ ಬೇಕಂತೆ. ನಾಲ್ಕು ತಿಂಗಳಿನಿಂದ ಹಗಲೂ ರಾತ್ರಿ ಬಯಸಿದ್ದು ಅವನ ಮಡಿಲಿಗೆ ಬಿದ್ದಿತ್ತು: ಪುಡಿ ಬರೀ ಪುಡಿ. ಬಾಗಿಲು ತೆರೆದು ಒಂದು ಮಾತು ಹೇಳಿದರೆ ಸಾಕು. ಆದರೆ ಆ ಮಾತು ಹೊರಡಬೇಕಾದದ್ದು ವಾಸಿಯಾಗದ ಅವನ ಮಂಡಿಯಿಂದಲೇ.

"ನಿಜ ಹೇಳಿ," ಎಂದ ಆರ್ವಿಡ್, ದನಿ ತಗ್ಗಿಸಿ. "ಪುಡಿ ನಿಮಗೆ ಹಿಡೀತು ತಾನೆ? ನೋವು ಪೂರ್ತಿ ಹೋಯ್ತಾ?"

ಅವನ ತಲೆ ಓರೆಯಾಗಿರಲಿಲ್ಲ. ಕಣ್ಣು ನೆಟ್ಟಗೆ ನೆಸ್ಟರನ ಮಂಡಿಯ ಮೇಲಿತ್ತು, ಮಿಠಾಯಿ ಅಂಗಡಿಯ ಗಾಜಿಗೆ ಮೂಗು ಒತ್ತಿದ ಮಗುವಿನ ಕಣ್ಣಿನ ಹಾಗೆ. ತನ್ನನ್ನು ನೋಡಿ ಆರ್ವಿಡ್ ಹಾಗನ್ ಹೊಟ್ಟೆ ಉರಿದುಕೊಳ್ಳುತ್ತಿದ್ದಾನೆ. ಇದಕ್ಕಿಂತ ಹೆಚ್ಚಿನದು ಈ ಜನ್ಮದಲ್ಲಿ ಸಿಗಲಾರದು ಎಂದು ನೆಸ್ಟರನಿಗೆ ಅನ್ನಿಸಿತು.

"ಪೂರ್ತಿ," ಎಂದ. ಮತ್ತೆ ಕೋಟಿನ ಗೂಟಗಳನ್ನು ಒಂದೊಂದಾಗಿ ಹಿಡಿದುಕೊಂಡು ಎದ್ದು, ಎರಡನೇ ಪೋಲ್ಕಾಕ್ಕೆ ಹೊರಟ.