ಮಾವನ ಜೀಪು ಎಡಕ್ಕೇ ಏಕೆ ಹೋಗುತ್ತದೆ?

ನಮ್ಮ ಸೋದರಮಾವ ಹುಟ್ಟಿದಾಗಿನಿಂದ ಯಾರ ಮಾತನ್ನೂ ಕೇಳಿದವರಲ್ಲ. ಈಗ ಅವರ ಜೀಪು ಅವರ ಮಾತು ಕೇಳುವುದಿಲ್ಲ. ದೇವರಿದ್ದಾನೆ ಎನ್ನುವುದಕ್ಕೆ ಬೇರೆ ಪುರಾವೆ ಬೇಕೇ?

ಮಾವ ಕೆ.ಜಿ.ಎಫ್‌ನ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷ ಫಿಟ್ಟರಾಗಿದ್ದು ನಿವೃತ್ತರಾದವರು. ಮನೆ ಆಂಡರ್ಸನ್‌ಪೇಟೆಯಲ್ಲಿ. ನಿವೃತ್ತರಾದವರು ಸಾಮಾನ್ಯವಾಗಿ ಬೆಳಿಗ್ಗೆ ವಾಕಿಂಗ್ ಹೋಗುತ್ತಾರೆ, ಸಂಜೆ ಬಿ.ಪಿ. ಬಗ್ಗೆ ಮಾತಾಡುತ್ತಾರೆ. ನಮ್ಮ ಮಾವ ಹಳೆಯ ಜೀಪೊಂದನ್ನು ಕೊಂಡು ತಂದು, ಚಕ್ರದ ಮೇಲಿನ ಸ್ಪ್ರಿಂಗ್ ಪಟ್ಟಾಗಳನ್ನು ಬದಲಿಸಿ, ದೊಡ್ಡ ದೊಡ್ಡ ಟೈರು ಹಾಕಿಸಿ, ಗಾಡಿಯನ್ನು ಇದ್ದ ಎತ್ತರಕ್ಕಿಂತ ಒಂದು ಗೇಣು ಮೇಲಕ್ಕೆತ್ತಿದರು. ಹತ್ತಲು ಮೆಟ್ಟಿಲು ಬೇಕು! ಅದಕ್ಕೂ ಒಂದು ಮರದ ಸ್ಟೂಲು ಮಾಡಿ ಹಿಂದಿನ ಸೀಟಿನಲ್ಲಿಟ್ಟರು. "ಮಾವ, ಸ್ಟೂಲು ತೆಗೀಬೇಕು ಅಂದ್ರೆ ಮೊದಲು ಜೀಪು ಹತ್ತಬೇಕಲ್ಲ?" ಎಂದು ನಾನು ಕೇಳಿದೆ.

"ಅದುಕ್ಕೇ ಕಣ್ಲಾ ನೀನು ಇರಾದು," ಎಂದರು.

ಎತ್ತರವಾದ ದಿನವೇ ಜೀಪಿನ ತಲೆ ತಿರುಗಿತು. ನೇರ ಹೋಗಬೇಕಾದರೆ ಸ್ಟೇರಿಂಗನ್ನು ಬಲಕ್ಕೆ ತಿರುಗಿಸಿ ಹಿಡಿದಿರಬೇಕು. ಕೈ ಸಡಿಲಿಸಿದರೆ ಸೀದಾ ಎಡಕ್ಕೆ. ವೇಗ ನಲವತ್ತು ದಾಟಿ ಒಂದು ಗುಂಡಿ ಸಿಕ್ಕಿತೋ, ಸ್ಟೇರಿಂಗು ಗಡಗಡ ನಡುಗುತ್ತಿತ್ತು. ಅದರ ಹಿಂದೆಯೇ ಮಾವನ ಕೈ ನಡುಗುತ್ತಿತ್ತು, ಭುಜ ನಡುಗುತ್ತಿತ್ತು, ಕನ್ನಡಕ ಮೂಗಿನ ತುದಿಗೆ ಬರುತ್ತಿತ್ತು. ಒಮ್ಮೆ ಬಂಗಾರಪೇಟೆ ರಸ್ತೆಯಲ್ಲಿ ಹೀಗೆ ನಡುಗುತ್ತಲೇ ನನಗೆ ಧೈರ್ಯ ಹೇಳಿದರು: "ಏ-ಏ-ಏನೂ ಆ-ಆಗಲ್ಲ ಕ-ಕಣ್ಲಾ!" ವಾಪಸ್ಸು ನಾನು ಮಾರಿಕುಪ್ಪಂ ರೈಲು ಹಿಡಿದು ಬಂದೆ.

ಇದನ್ನೆಲ್ಲ ಬಾಗಿಲಲ್ಲಿ ನಿಂತು ನೋಡುತ್ತಿದ್ದವರು ನಮ್ಮತ್ತೆ. ಎರಡು ವರ್ಷದ ಕೆಳಗೆ ಬೂದಿಕೋಟೆ ರಸ್ತೆಯಲ್ಲಿ ಅವರು ಕೂತಿದ್ದ ಆಟೋ ಮಗುಚಿತ್ತು. ಮೊಣಕೈ ತರಚಿದ್ದು ಬಿಟ್ಟರೆ ಪೆಟ್ಟೇನೂ ಆಗಲಿಲ್ಲ. ಆದರೆ ಅವತ್ತಿನಿಂದ ಅತ್ತೆ ರಸ್ತೆಯ ಮೇಲೆ ಓಡುವ ಯಾವ ಗಾಡಿಯನ್ನೂ ಹತ್ತಲಿಲ್ಲ. ಹೋದರೆ ರೈಲು, ಇಲ್ಲವಾದರೆ ನಡಿಗೆ. ಅವರ ಅಕ್ಕ ಇರುವುದು ಬೂದಿಕೋಟೆಯಿಂದಾಚೆಯ ಹಳ್ಳಿಯಲ್ಲಿ. ಅಲ್ಲಿಗೆ ರೈಲಿಲ್ಲ, ಅಕ್ಕನಿಗೆ ಮಂಡಿನೋವು, ಈಚೆಗೆ ಬರುವ ಹಾಗಿಲ್ಲ. ಅಕ್ಕ ತಂಗಿ ಮುಖ ನೋಡಿ ಎರಡು ವರ್ಷವಾಗಿತ್ತು. ದಿನವೂ ಫೋನಿನಲ್ಲಿ ಸಾರಿಗೆ ಹುಣಸೆಹಣ್ಣು ಎಷ್ಟು ಹಾಕಿದೆ ಎನ್ನುವುದರಿಂದ ಹಿಡಿದು ಎಲ್ಲ ಮಾತಾಡಿ, ಕೊನೆಗೆ ಯಾವಾಗ ಬರುವುದು ಎಂಬ ಮಾತು ಬಂದರೆ ಫೋನಿಟ್ಟುಬಿಡುತ್ತಿದ್ದರು. ಜೀಪಿನ ನಡುಕ ಶುರುವಾದಾಗ ಅತ್ತೆ ಒಂದೇ ಮಾತು ಹೇಳಿದ್ದರು: "ಸ್ಟೇರಿಂಗು ನಡುಗ್ದೆ, ಸೊಟ್ಟ ಆಗ್ದೆ ನೆಟ್ಟಗೆ ನಿಂತ್ರೆ ನಾನು ಕೂತ್ಕೋತೀನಿ. ಇಲ್ದಿದ್ರೆ ಇಲ್ಲ."

ಮಾವ ಜೀಪನ್ನು ಬಂಗಾರಪೇಟೆಯ ಕಂಪ್ಯೂಟರ್ ಅಲೈನ್‌ಮೆಂಟ್ ಅಂಗಡಿಗೆ ಒಯ್ದರು. ಪರದೆಯ ಮೇಲೆ ಇದ್ದಬದ್ದ ಅಂಕಿಗಳೆಲ್ಲ ಕೆಂಪಗಾದವು! ಅಂಗಡಿಯವರು ಕೆಳಗೆ ಬಗ್ಗಿ ನೋಡಿ, "ಐಯಾ, ಗಾಡಿ ಎತ್ತರ ಮಾಡಿದ್ರಲ್ಲ, ಮುಂದಿನ ಆಕ್ಸಲ್ ಮೊದಲಿನಂಗೆ ಕೂತಿಲ್ಲ. ಅದಕ್ಕೆ ಬೆಣೆ ಕೊಡ್ಬೇಕು. ಸ್ಟೇರಿಂಗ್ ರಾಡೂ ಓರೆಯಾಗಿ ನಿಂತದೆ, ಅದನ್ನ ಬದ್ಲಾಯಿಸ್ಬೇಕು. ಆಮೇಲೆ ಅಲೈನ್‌ಮೆಂಟು," ಎಂದರು.

"ನಿನ್ ಕಂಪ್ಯೂಟರ್‌ದು ಸರ್ವೀಸು ಎಷ್ಟು ವರ್ಷ?" ಮಾವ ಕೇಳಿದರು.

"ನಾಲ್ಕು ವರ್ಷ ಐಯಾ."

"ನಂದು ಮೂವತ್ತು!" ಎಂದು ಜೀಪು ಹತ್ತಿ ಬಂದೇಬಿಟ್ಟರು. ಮುಂದಿನ ವಾರ, ತಾವೇ ಕಂಡುಹಿಡಿದವರ ಹಾಗೆ, ಆಕ್ಸಲ್ಲಿಗೆ ಬೆಣೆ ಕೊಟ್ಟು ರಾಡು ಬದಲಿಸಿದರು. ನಡುಕ ನಿಂತಿತು. ನಿಲ್ಲದೇ ಏನು!

ಉಳಿದದ್ದು ಸೊಟ್ಟ. ಅದಕ್ಕೆ ಮಾವ ಕಾರ್ಖಾನೆಯ ಪದ್ಧತಿ ಹಿಡಿದರು. ಹಿಂದಿನ ಚಕ್ರಗಳು ಗೇಟಿಗೆ ನೇರವಾಗುವಂತೆ ಜೀಪನ್ನು ಅಂಗಳದಲ್ಲಿ ನಿಲ್ಲಿಸಿ, ಅತ್ತೆ ಹೂ ಕಟ್ಟುವ ದಾರವನ್ನು ಕಾಂಪೌಂಡ್ ಗೋಡೆಯ ಉದ್ದಕ್ಕೂ ಬಿಗಿದು, ಮುಂದಿನ ಚಕ್ರಗಳನ್ನು ಆ ದಾರಕ್ಕೆ ಸಮ ಮಾಡುವುದು. ದಾರದ ಒಂದು ತುದಿ ನನ್ನ ಕೈಯಲ್ಲಿ, ಇನ್ನೊಂದು ಪಕ್ಕದ ಮನೆಯಾಕೆಯ ಕೈಯಲ್ಲಿ. "ಉಸ್ರು ಬುಡ್ಬ್ಯಾಡ್ರಿ, ದಾರ ಅಲ್ಲಾಡ್ತದೆ!" ಎಂದು ಜೀಪಿನ ಅಡಿಯಿಂದ ಆಜ್ಞೆ ಬರುತ್ತಿತ್ತು. ಪಕ್ಕದ ಮನೆಯಾಕೆ ಒಲೆಯ ಮೇಲೆ ಬೇಳೆ ಇಟ್ಟು ಬಂದವರು. ಬೇಳೆ ಸೀದರೂ ಉಸಿರು ಬಿಡಲಿಲ್ಲ ಪಾಪ!

ಹೀಗೆ ಮೂರು ಭಾನುವಾರ. ಅಳತೆ ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಜೀಪು ಮಾತ್ರ ಎಡಕ್ಕೇ. ಮುಂದಿನ ತಿರುವಿನಲ್ಲಿ ಎಡಗಡೆಗಿದ್ದ ಬೇಕರಿಯವರು ನಾವು ಅವರ ಗಿರಾಕಿಗಳೇ ಎಂದು ತಿಳಿದು, ದೂರದಲ್ಲಿ ಜೀಪು ಕಂಡರೆ ಸಾಕು, ಎರಡು ಬನ್ನು ಕಟ್ಟಿಡುತ್ತಿದ್ದರು. ಬೇಡವೆನ್ನಲು ಮಾವನಿಗೆ ಸಂಕೋಚ. ಮೂರು ವಾರ ನಾವು ಅಲೈನ್‌ಮೆಂಟ್ ಮಾಡಿ ಬನ್ನು ತಿಂದೆವು.

ನಾಲ್ಕನೆಯ ಭಾನುವಾರ ಮಾವ ದಾರ ಹಿಡಿದು ಬಂದಾಗ ಅತ್ತೆ ಅದೇ ಗೋಡೆಯ ಪಕ್ಕ ಕೂತು, ಈ ಕೊನೆಯಿಂದ ಆ ಕೊನೆಗೆ ರಂಗೋಲಿ ಚುಕ್ಕಿ ಇಡುತ್ತಿದ್ದರು.

"ಏನೂಂದ್ರೆ, ಒಸಿ ಇಲ್ಲಿ ನೋಡಿ."

ನೋಡಿದೆವು. ಮೊದಲ ಚುಕ್ಕಿಗೂ ಗೋಡೆಗೂ ನಡುವೆ ನಾಲ್ಕು ಬೆರಳು. ಕೊನೆಯ ಚುಕ್ಕಿಯ ಹತ್ತಿರ ಒಂದು ಮೊಳ!

"ನನ್ ಸಾಲು ಗೇಟಿಂದ ನೆಟ್ಟಗೆ ಬಂದೈತೆ. ನಿಮ್ ಗೋಡೇನೇ ಎಡಕ್ಕೆ ಓಗ್ತಾ ಐತೆ. ಕಟ್ಟಿದ್ ದಿನದಿಂದ ಯೋಳ್ತಾ ಇದೀನಿ, ಗೋಡೆ ಸೊಟ್ಟ ಅಂತ!"

ಆ ಗೋಡೆ ಕಟ್ಟಿದವರು ಯಾರು? ಸಾಕ್ಷಾತ್ ನಮ್ಮ ಮಾವ! ಮೇಸ್ತ್ರಿ ಸರಿಯಿಲ್ಲವೆಂದು ಅವನನ್ನು ಕಳಿಸಿ ತಾವೇ ಕರಣೆ ಹಿಡಿದಿದ್ದರು. ಅಷ್ಟು ವರ್ಷ ಕೇಳದ ಮಾತನ್ನು ಮಾವ ಅವತ್ತು ನಿಂತು ಕೇಳಿದರು. ತಲೆ ಕೆರೆದುಕೊಂಡು, "ಅವತ್ತು ಬಿಸ್ಲು ಜಾಸ್ತಿ ಇತ್ತು," ಎಂದರು.

"ಅದೆಲ್ಲ ನಂಗೆ ಬ್ಯಾಡ," ಎಂದರು ಅತ್ತೆ. ರಂಗೋಲಿ ಬಟ್ಟಲು ಕೆಳಗಿಟ್ಟು, "ನಂಗೂ ಅಕ್ಕನ್ನ ನೋಡ್ಬೇಕು ಅನ್ನಿಸ್ತದೆ," ಎಂದರು.

ಮಾವ ಕೈಯಲ್ಲಿದ್ದ ದಾರವನ್ನು ಚುಕ್ಕಿ ಸಾಲಿನ ಮೇಲೆ ಎಳೆದು, ಚಕ್ರಗಳನ್ನು ಅದಕ್ಕೆ ಸಮ ಮಾಡಿ ರಾಡನ್ನು ತಿರುಗಿಸಿದರು. ಪರೀಕ್ಷೆಗೆ ಹೊರಟೆವು. ಸ್ಟೇರಿಂಗು ನೆಟ್ಟಗೆ, ಜೀಪೂ ನೆಟ್ಟಗೆ. ಬೇಕರಿಯವರು ಬನ್ನಿನ ಪೊಟ್ಟಣ ಹಿಡಿದು ಬೆಪ್ಪಾಗಿ ನಿಂತಿದ್ದರು.

ಮಾರನೆಯ ಬೆಳಿಗ್ಗೆ ಅತ್ತೆ ಮುಂದಿನ ಸೀಟಿನಲ್ಲಿ ಕೂತರು. ನಾನು ಹಿಂದೆ. ಅತ್ತೆಯ ಒಂದು ಕೈಯಲ್ಲಿ ಕಂಬಿ, ಇನ್ನೊಂದರಲ್ಲಿ ಸೆರಗು, ಬೆರಳು ಬಿಳಿಚಿಕೊಂಡಿದ್ದವು. ಊರು ದಾಟಿತು. ಆಟೋ ಮಗುಚಿದ ಜಾಗ ಬಂತು. ರಸ್ತೆಯ ಪಕ್ಕದ ಹಳ್ಳ ಇನ್ನೂ ಹಾಗೇ ಇತ್ತು. ಅತ್ತೆ ಕಣ್ಣು ಮುಚ್ಚಿಕೊಂಡರು. ಮಾವ ಜೀಪು ನಿಲ್ಲಿಸಿದರು.

"ಕಣ್ ಬುಡು. ಕೆಳಗ್ ನೋಡು."

"ಉಹೂಂ."

"ನೋಡೇ. ನೆಲ ಎಷ್ಟು ದೂರ ಐತೆ ನೋಡು. ಅವತ್ತು ಮನೇಗ್ ಬಂದು, ನೆಲ ಮಖಕ್ಕೇ ಬಂದ್ಬುಡ್ತು ಅಂತ ಅತ್ಕೊಂಡ್ಯಲ್ಲ... ಅದುಕ್ಕೇ ದೂರ ಮಾಡ್ಸಿದೀನಿ."

ಈ ಮನುಷ್ಯನನ್ನು ನೋಡಿ ಇಷ್ಟು ದಿನ ನಕ್ಕಿದ್ದೆನಲ್ಲ ಎಂದು ಹಿಂದಿನ ಸೀಟಿನಲ್ಲಿದ್ದ ನನಗೆ ನಾಚಿಕೆಯಾಯಿತು. ಅತ್ತೆ ಮೆಲ್ಲಗೆ ಕಣ್ಣು ತೆರೆದರು. ಬಾಗಿ ಕೆಳಗೆ ನೋಡಿದರು, ಬಹಳ ಹೊತ್ತು ನೋಡಿದರು. ಆಮೇಲೆ ಕಂಬಿ ಬಿಟ್ಟು, ಸೆರಗಿನಿಂದ ಮುಖ ಒರೆಸಿಕೊಂಡರು.

"ಒಸಿ ಬಿರ್ರನೆ ಓಡ್ಸಿ," ಎಂದರು. "ಅಕ್ಕ ಕಾಯ್ತಾ ಅವ್ಳೆ."