ಬೆಳೆಯುವ ಬೆಂಚು

ಎಲ್ಲೂ ನಡೆಯದ್ದು ನಮ್ಮ ವಡಾಲದ ಫ್ಲ್ಯಾಟಿನಲ್ಲೇ ಯಾಕೆ ನಡೆಯುತ್ತದೋ ನನಗೆ ಇವತ್ತಿಗೂ ತಿಳಿದಿಲ್ಲ. ರಿಟೈರ್ ಆದಮೇಲೆ ಮರಗೆಲಸ ಕಲಿಯೋಣ ಎಂದುಕೊಂಡೆ, ಅಷ್ಟೇ. ಮಿಕ್ಕಿದ್ದೆಲ್ಲ ಮರವೇ ಮಾಡಿದ್ದು.

೧. ಫಟಾರ್

ಬೇಸಿಗೆಯಲ್ಲಿ ಬಾಲ್ಕನಿಗೊಂದು ವರ್ಕ್‌ಬೆಂಚು ಮಾಡಿದೆ. ಹಲಗೆಗಳನ್ನು ಅಂಟಿಸಿ, ಗೋಡೆಗೂ ಎದುರಿನ ಕಟ್ಟೆಗೂ ನಡುವೆ ಪೋಸ್ಟ್‌ಕಾರ್ಡೂ ತೂರದಂತೆ ಕೂರಿಸಿದೆ. ಒಂದಿಷ್ಟೂ ಜಾಗ ದಂಡವಾಗಲಿಲ್ಲವೆಂದು ಬೀಗಿದೆ. ಜುಲೈನಲ್ಲಿ ಮಳೆ ಹಿಡಿದುಕೊಂಡಿತು. ಒಂದು ಬೆಳಿಗ್ಗೆ ಕಾಫಿ ಕುಡಿಯುತ್ತಿದ್ದೆ, ಫಟಾರ್ ಎಂದಿತು. ಗೋಡೆಯ ಮೂರು ಟೈಲ್ಸ್ ಕಿತ್ತು ಕಾಲ ಬುಡಕ್ಕೆ ಬಿದ್ದವು. ಮೇಲಿನ ಮನೆಯವರು ಸಿಲಿಂಡರ್ ಸಿಡಿಯಿತೆಂದು ಮಕ್ಕಳನ್ನೆತ್ತಿಕೊಂಡು ಕೆಳಗೆ ಓಡಿದರು.

ಸೊಸೈಟಿಯ ಸೆಕ್ರೆಟರಿ ಬಂದರು. ಉಡುಪಿ ಕಡೆಯವರು, ಸಾಂತಾಕ್ರೂಜ್‌ನಲ್ಲಿ ಹೋಟೆಲು. "ಇನ್ನೊಂದು ಸಲ ಸೌಂಡ್ ಬಂದ್ರೆ ಬೆಂಚು ಗೇಟಿನ ಹೊರಗೆ, ಮಾರಾಯ್ರೆ" ಎಂದರು. ಇಡೀ ಮನೆಯಲ್ಲಿ ನನ್ನದು ಅಂತ ಇದ್ದದ್ದು ಆ ಬೆಂಚೊಂದೇ. ಹೆದರಿಬಿಟ್ಟೆ.

೨. ಉಸಿರು

ಜೋಗೇಶ್ವರಿಯಿಂದ ಬಡಗಿಯನ್ನು ಕರೆಸಿದೆ. ಹಲಗೆ ತಟ್ಟಿ ನೋಡಿ ನನ್ನನ್ನೇ ಬೈದ. "ಸಾಬ್, ಲಕ್ಡೀ ಬಾರಿಶ್ ಮೇ ಫೂಲ್ತೀ ಹೈ. ಸಾಂಸ್ ಲೇನೇ ಕೋ ಜಗಹ್ ಛೋಡೋ." ಮಳೆಗೆ ಉಬ್ಬಿ ಚಳಿಗೆ ಕುಗ್ಗುವ ಮರಕ್ಕೆ ಉಸಿರಾಡಲು ಜಾಗ ಬೇಕಂತೆ. ಗೋಡೆಯ ಕಡೆ ಹಲಗೆಯನ್ನು ಅರ್ಧ ಇಂಚು ಹೆರೆದು, ಟೈಲ್ಸ್ ಮತ್ತೆ ಅಂಟಿಸಿ ಹೋದ.

ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡ ಹೆಂಡತಿ ಅಂದಳು: "ಮೂವತ್ತು ವರ್ಷ ಲೋಕಲ್ ಟ್ರೇನಿನಲ್ಲಿ ಓಡಾಡಿದೀನಿ. ನನಗೆ ಯಾರೂ ಅರ್ಧ ಇಂಚು ಬಿಟ್ಟಿಲ್ಲ."

೩. ಬಿರುಕು

ಮರುವರ್ಷ ಮಗಳ ಬಾಣಂತನಕ್ಕೆಂದು ಏಪ್ರಿಲ್‌ನಲ್ಲಿ ಮೈಸೂರಿಗೆ ಹೋದೆವು. ಬೀಗದ ಕೈ ಸೆಕ್ರೆಟರಿಯ ಹತ್ತಿರ. ಜುಲೈನಲ್ಲಿ ವಾಪಸು ಬಂದು ಇನ್ನೂ ಚೀಲ ಇಳಿಸಿಲ್ಲ, ಫಟಾರ್. ಈ ಸಲ ಆರು ಟೈಲ್ಸ್. ಅರ್ಧ ಇಂಚು ಬಿಟ್ಟ ಮೇಲೂ ಹೀಗೇಕಾಯಿತು? ಬಗ್ಗಿ ನೋಡಿದರೆ, ಬಿಟ್ಟಿದ್ದ ಜಾಗದ ತುಂಬ ನುಣ್ಣಗೆ ಬಿಳಿ ಸಿಮೆಂಟು.

ಸೌಂಡ್ ಕೇಳಿ ಸೆಕ್ರೆಟರಿ ಓಡಿಬಂದರು. ಇನ್ನು ಬೆಂಚು ಹೋಯಿತು ಎಂದುಕೊಂಡೆ.

"ಇದಕ್ಕೆ ಸಿಮೆಂಟು ಯಾರು ಹಾಕಿದ್ದು?" ಎಂದು ಕೇಳಿದೆ.

"ನಾನೇ ಹಾಕಿಸಿದ್ದು. ಮಳೆಗೆ ಮುಂಚೆ ವಾಟರ್‌ಪ್ರೂಫಿಂಗ್. ಅಷ್ಟುದ್ದ ಬಿರುಕು ಬಿಟ್ಟಿತ್ತಲ್ಲ ಮಾರಾಯ್ರೆ."

ಅದು ಬಿರುಕಲ್ಲ, ಮರ ಬೆಳೆಯಲಿ ಎಂದು ಬಿಟ್ಟ ಜಾಗ ಎಂದು ವಿವರಿಸಿದೆ. ಅವರು ಗೋಡೆ ನೋಡಿದರು, ಬೆಂಚು ನೋಡಿದರು. ಮುಖ ಬಿಳಿಚಿಕೊಂಡಿತು.

"ಆಯ್ತು, ಬೆಂಚು ಇರ್ಲಿ" ಎಂದರು ಕೊನೆಗೆ. "ಆದ್ರೆ ವರ್ಷಾ ವರ್ಷಾ ಬೆಳೀತದೆ ಅಂದ್ರೆ ಅದು ಫ್ಲ್ಯಾಟಿನ ಎಕ್ಸ್‌ಟೆನ್ಷನ್ ಆಯ್ತು. ಮುಂದಿನ ಮಳೆಗೆ ಮುಂಚೆ ಸೊಸೈಟಿಯಿಂದ ಎನ್‌ಓಸಿ ತಗೊಳ್ಳಿ."