ಜಪಾನಿ ಮಠದೂಟ, ಮಸ್ಕತ್ತಿನ ಅನುಮಾನ

ಅನುಮಾನದವರು ನಮ್ಮ ಆಫೀಸನ್ನೇ ಹುಡುಕಿಕೊಂಡು ಬರುತ್ತಾರೋ, ಇಲ್ಲ ನಮ್ಮ ಬಾಗಿಲು ದಾಟಿದ ಮೇಲೆ ಅವರಿಗೆ ಅನುಮಾನ ಶುರುವಾಗುತ್ತದೋ, ಇಷ್ಟು ವರ್ಷವಾದರೂ ನನಗೆ ಗೊತ್ತಾಗಿಲ್ಲ. ಮಸ್ಕತ್ತಿನ ದಾರ್ಸೈಟ್‌ನಲ್ಲಿ ನಮ್ಮದೊಂದು ಸಣ್ಣ ಟ್ರಾವೆಲ್ ಆಫೀಸು. ಒಂದು ಪಕ್ಕ ಟೈಲರ್, ಇನ್ನೊಂದು ಪಕ್ಕ ಚಹಾದಂಗಡಿ. ನಾನು ಉಡುಪಿ ಕಡೆಯವಳು, ನಮ್ಮ ದಣಿಯೂ ಅಲ್ಲಿಯವರೇ. ಟಿಕೆಟ್ ಕೊಟ್ಟರೆ ಜನ ಅದನ್ನು ಬೆಳಕಿಗೆ ಹಿಡಿದು ನೋಡುತ್ತಾರೆ. ಕಿಟಕಿ ಸೀಟು ಅಂದರೆ, "ಕಿಟಕಿ ನಿಜವಾಗಿ ಉಂಟಾ?" ಅನ್ನುತ್ತಾರೆ. ಅವರನ್ನು ದೂರುವ ಹಾಗಿಲ್ಲ, ನಾನೂ ಅದೇ ಸಾಲಿನವಳು. ಹಾಲಿನ ಪ್ಯಾಕೆಟ್ಟಿನ ತಾರೀಕನ್ನು ಅಂಗಡಿಯಲ್ಲೊಮ್ಮೆ, ಮನೆಗೆ ಬಂದು ಇನ್ನೊಮ್ಮೆ ಓದುವವಳು.

ಜಪಾನಿನಲ್ಲಿ ಕೆಲವು ಬೌದ್ಧ ಮಠಗಳು ಪ್ರವಾಸಿಗಳಿಗೆ ರಾತ್ರಿ ಉಳಿಯಲು ಕೋಣೆ ಕೊಡುತ್ತವೆ. ಸಸ್ಯಾಹಾರದ ಊಟ ಹಾಕುತ್ತವೆ, ಬೆಳಗಿನ ಪೂಜೆಗೆ ಕೂರಿಸುತ್ತವೆ. ಇದು ನಮ್ಮ ದಣಿಯ ಕಿವಿಗೆ ಬಿತ್ತು. "ನಮ್ಮವರು ಜಪಾನಿಗೆ ಯಾಕೆ ಹೋಗುದಿಲ್ಲ ಹೇಳು? ಊಟದ ಹೆದರಿಕೆ. ಮಠದಲ್ಲೇ ಉಳಿಸಿದರೆ ಆಯ್ತಲ್ಲ ಮಾರಾಯ್ತಿ" ಎಂದು ಜಪಾನಿನ ಕೆಲಸವನ್ನು ನನ್ನ ಮೇಜಿಗೆ ಹಾಕಿದರು. ಅಲ್ಲಿಯವರೆಗೆ ನಾನು ಊರವರ ವೀಸಾ ಅರ್ಜಿ ಹಿಡಿದುಕೊಂಡು ಬಿಸಿಲಲ್ಲಿ ಲೈನು ನಿಲ್ಲುತ್ತಿದ್ದವಳು. ಒಮಾನಿನ ಬಿಸಿಲು ಅಂದರೆ ಸುಮ್ಮನೆ ಅಲ್ಲ. ಈಗ ಎ.ಸಿ.ಯ ಕೆಳಗೆ ನನ್ನದೇ ಒಂದು ಮೇಜು. ಆದರೆ ದಣಿ ಒಂದು ಮಾತು ಸೇರಿಸಿದರು. "ಮೊದಲ ಕುಟುಂಬ ಖುಷಿಯಲ್ಲಿ ಬಂದರೆ ಮೇಜು ನಿನ್ನದು. ಊಟ ಸರಿಯಿಲ್ಲ ಅಂತ ಒಂದು ಫೋನ್ ಬಂತೋ, ಜಪಾನ್ ಖಲಾಸ್. ನೀನು ಪುನಃ ಲೈನಿಗೆ." ಆ ಮೇಜಿನ ಆಸೆಗೆ ನಾನು ಏನೆಲ್ಲ ಪಾಡು ಪಟ್ಟೆ ಅಂತ ಹೇಳುತ್ತೇನೆ.

ಖಾಲಿ ಕೋಣೆ

ಮಠದವರು ಮೊದಲು ಕೋಣೆಯ ಫೋಟೋ ಕಳಿಸಿದರು. ನಾನೂ ದಣಿಯೂ ಕನ್ನಡಕ ಹಾಕಿಕೊಂಡು ನೋಡಿದೆವು. ಚಾಪೆ ಹಾಸಿದ ನೆಲ, ಕಾಗದ ಅಂಟಿಸಿದ ಜಾರುಬಾಗಿಲು, ಮೂಲೆಯಲ್ಲೊಂದು ಮೋಟು ಮೇಜು. ಮಂಚ ಇಲ್ಲ, ಕುರ್ಚಿ ಇಲ್ಲ, ಕಪಾಟು ಇಲ್ಲ.

"ಇದು ಯಾವುದೋ ಬಾಡಿಗೆಗಿಟ್ಟ ಫ್ಲಾಟಿನ ಫೋಟೋ. ಸಾಮಾನು ಬರುವ ಮೊದಲು ತೆಗೆದದ್ದು" ಎಂದರು ದಣಿ.

ನನಗೂ ಹಾಗೇ ಕಂಡಿತು. ಮೋಸ ಹೋಗುವ ಪೈಕಿ ನಾವಲ್ಲ ಎಂದು ಅವರಿಗೂ ತಿಳಿಯಲಿ ಅಂತ ಸ್ವಲ್ಪ ಗಟ್ಟಿಯಾಗಿಯೇ ಮೇಲ್ ಬರೆದೆ. ಸಾಮಾನು ಇಟ್ಟ ಮೇಲೆ ತೆಗೆದ ಫೋಟೋ ದಯವಿಟ್ಟು ಕಳಿಸಿ, ಆಮೇಲೆ ಮುಂದಿನ ಮಾತು.

ಮರುದಿನವೇ ಬಹಳ ವಿನಯದ ಉತ್ತರ ಬಂತು. ಸಾಮಾನು ಜಾಸ್ತಿಯಾಗಿ ತಮಗೆ ಇಕ್ಕಟ್ಟು ಅನಿಸಿದರೆ ಆ ಮೇಜನ್ನು ಹೊರಗಿಡುತ್ತೇವೆ ಎಂದು ಬರೆದಿದ್ದರು.

ಬೇಗ ಒಪ್ಪಿದ ಸ್ವಾಮಿಗಳು

ಮೊದಲ ಗಿರಾಕಿ ಸಿಕ್ಕಿದ್ದು ಮಸ್ಕತ್ತಿನ ಪಕ್ಕದ ಸೀಬ್‌ನ ಒಬ್ಬರು ಎಂಜಿನಿಯರ್. ಮೈಸೂರಿನವರು. ಅವರ ತಾಯಿ ವಿಸಿಟ್ ವೀಸಾದಲ್ಲಿ ಬಂದಿದ್ದರು. ತಾಯಿಗೆ ಲೋಕ ನೋಡುವ ಆಸೆ ಬೆಟ್ಟದಷ್ಟು, ಆದರೆ ಪರರ ಅಡುಗೆ ಮುಟ್ಟುವವರಲ್ಲ. ಈರುಳ್ಳಿ ಬೆಳ್ಳುಳ್ಳಿ ಕಂಡರೆ ಆ ಮನೆಯ ಹೊಸ್ತಿಲೂ ದಾಟರು. "ಮೇಡಂ, ಅಮ್ಮ ಒಂದು ಹೊತ್ತು ಬಿಸಿಯಾಗಿ ಊಟ ಮಾಡಿದ್ರೆ ಸಾಕು, ನನಗೆ ಇನ್ನೇನೂ ಬೇಡ" ಎಂದರು ಎಂಜಿನಿಯರ್. ನನಗೂ ಅಷ್ಟೇ ಬೇಕಿತ್ತು.

ಅಮ್ಮ ನನ್ನ ಎದುರು ಕೂತು ಪ್ರಶ್ನೆ ಶುರು ಮಾಡಿದರು. ಅಡುಗೆ ಯಾರು ಮಾಡ್ತಾರೆ? ಸ್ನಾನ ಮಾಡಿ ಮಾಡ್ತಾರಾ? ಬೆಳ್ಳುಳ್ಳಿ ಹಾಕ್ತಾರಾ? ಪಾತ್ರೆಯಲ್ಲಿ ಮುಂಚೆ ಏನು ಬೇಯಿಸಿದ್ದರು? ಜಪಾನಿನವರು ಸಾರಿಗೂ ಮೀನು ಹಾಕ್ತಾರಂತಲ್ಲ, ನಿಜವಾ? ನಾನು ಒಂದೊಂದನ್ನೂ ಬರೆದು ಮಠಕ್ಕೆ ಕಳಿಸಿದೆ.

ಉತ್ತರ ಬಂದ ದಿನ ಹಬ್ಬದ ಸಂಭ್ರಮದಲ್ಲಿ ಅಮ್ಮನನ್ನು ಕರೆಸಿದೆ. ಅಡುಗೆ ಮಾಡುವುದು ಮಠದ ಭಿಕ್ಷುಗಳೇ. ಮಾಂಸ, ಮೀನು, ಮೊಟ್ಟೆ ಇಲ್ಲ. ಈರುಳ್ಳಿ, ಬೆಳ್ಳುಳ್ಳಿಯೂ ಇಲ್ಲ. ಓದಿ ಮುಗಿಸಿ ಅವರ ಮುಖ ನೋಡಿದೆ. ಮುಖ ಇನ್ನಷ್ಟು ಗಂಟಾಗಿತ್ತು.

"ಕೇಳಿದ್ದಕ್ಕೆಲ್ಲ ಹೂಂ ಅಂದಿದ್ದಾರಲ್ಲ. ಮೈಸೂರಲ್ಲಿ ನಮ್ಮ ಮನೆ ಅಡುಗೆಭಟ್ಟರೇ ಇಷ್ಟು ಸಲೀಸಾಗಿ ಒಪ್ಪಲ್ಲ ಕಣಮ್ಮ."

"ಒಪ್ಪಿದ್ದು ಒಳ್ಳೇದೇ ಅಲ್ವಾ ಅಮ್ಮ?"

"ಬೆಳ್ಳುಳ್ಳಿ ವಿಷಯ ನಾನು ನಿನಗೆ ಹೇಳಿದ್ದು ಕನ್ನಡದಲ್ಲಿ. ಜಪಾನಿನಲ್ಲಿರೋ ಸ್ವಾಮಿಗಳಿಗೆ ಅದು ಇಷ್ಟು ಚೆನ್ನಾಗಿ ಹೇಗೆ ಅರ್ಥ ಆಯ್ತು?" ಎಂದು ನನ್ನ ಕಂಪ್ಯೂಟರನ್ನು ಓರೆಗಣ್ಣಿಂದ ನೋಡಿದರು. "ನಿಜ ಹೇಳು, ಈ ಉತ್ತರ ನೀನೇ ತಾನೇ ಬರೆದಿದ್ದು?"

ಸ್ನಾನಕ್ಕೆ ಮೊದಲು ಸ್ನಾನ

ಆಮೇಲೆ ಮಠದ ನಿಯಮಗಳು ಬಂದವು. ಕತ್ತಲಾಗುವ ಮೊದಲೇ ಊಟ. ಆಮೇಲೆ ಗೇಟು ಮುಚ್ಚುತ್ತದೆ. ಗೋಡೆ ಕಾಗದದ್ದು, ಮೆಲ್ಲಗೆ ಮಾತಾಡಬೇಕು. ಇದನ್ನು ಓದಿದಾಗ ಎಂಜಿನಿಯರರ ಹೆಂಡತಿ ಫೋನಿನಲ್ಲಿ, "ನಮ್ಮನೆಯವರ ಗೊರಕೆಗೆ ಆ ಗೋಡೆ ತಡೆಯುತ್ತಾ ಅಂತ ಕೇಳಿ ಮೇಡಂ" ಅಂದರು. ಅದನ್ನು ಮಾತ್ರ ನಾನು ಕೇಳಲಿಲ್ಲ.

ಕಷ್ಟವಾದದ್ದು ಸ್ನಾನದ ನಿಯಮ. ಅಲ್ಲಿ ಗಂಡಸರಿಗೆ ಬೇರೆ, ಹೆಂಗಸರಿಗೆ ಬೇರೆ ಬಿಸಿನೀರಿನ ದೊಡ್ಡ ತೊಟ್ಟಿ. ತೊಟ್ಟಿಗೆ ಇಳಿಯುವ ಮೊದಲು ಹೊರಗೆ ಕೂತು ಸೋಪು ಹಚ್ಚಿ ಚೆನ್ನಾಗಿ ಮೈ ತೊಳೆಯಬೇಕು.

ಅಮ್ಮ ಇದನ್ನು ನನ್ನ ಬಾಯಲ್ಲಿ ಪುನಃ ಪುನಃ ಹೇಳಿಸಿದರು. "ಸ್ನಾನ ಮುಗಿಸಿದ ಮೇಲೆ ಸ್ನಾನಕ್ಕೆ ಇಳಿಯಬೇಕು. ಹಾಗೆ ತಾನೇ?"

"ಹೌದಮ್ಮ. ತೊಟ್ಟಿ ನೀರು ಕೊಳೆಯಾಗಬಾರದಲ್ಲ."

"ಕೊಳೆ ಎಲ್ಲ ಹೊರಗೇ ಹೋದ ಮೇಲೆ ತೊಟ್ಟಿ ಯಾತಕ್ಕೆ?"

ಸತ್ಯ ಹೇಳಬೇಕೆಂದರೆ ಅದೇ ಪ್ರಶ್ನೆ ನನ್ನ ತಲೆಯಲ್ಲೂ ತಿರುಗುತ್ತಿತ್ತು. ಅಮ್ಮ ಫ್ಯಾನು ನೋಡುತ್ತಾ ತೀರ್ಮಾನ ಹೇಳಿದರು. "ಸ್ನಾನಕ್ಕೆ ಹೋಗೋಕೆ ಸ್ನಾನ ಮಾಡ್ತಾರೆ ಅಂದ್ರೆ, ಒಂದೋ ಅವರು ಬಹಳ ಮಡಿ, ಇಲ್ಲ ಬಹಳ ಕೊಳಕು. ಯಾವುದು ಅಂತ ಅಲ್ಲಿ ಹೋಗಿ ಹೇಳ್ತೀನಿ."

ವಿಮಾನ ನಿಲ್ದಾಣದಲ್ಲಿ

ಹೊರಡುವ ದಿನ ನಾನೇ ಏರ್‌ಪೋರ್ಟಿಗೆ ಹೋದೆ. ಕೊನೇ ಗಳಿಗೆಯಲ್ಲಿ ಅಮ್ಮ ಮನಸ್ಸು ಬದಲಾಯಿಸಿದರೆ ಹಿಡಿದು ಹತ್ತಿಸಲು ಒಬ್ಬರು ಬೇಕಲ್ಲ. ಅಮ್ಮ ನನ್ನನ್ನು ನೋಡಿ, "ಯಾಕೆ, ನೀನೂ ಬಂದೆ? ಏನಾದ್ರೂ ತೊಂದರೆ ಇದೆಯಾ ಅಲ್ಲಿ?" ಎಂದು ಕೇಳಿದರು. ಹೋಗಿದ್ದೇ ತಪ್ಪಾಯಿತು.

ಬ್ಯಾಗಿನಲ್ಲಿ ಡಬ್ಬಿಗಳೋ ಡಬ್ಬಿಗಳು. ಚಟ್ನಿಪುಡಿ, ಕೊಬ್ಬರಿ ಮಿಠಾಯಿ, ಬಿಸಿನೀರು ಹಾಕಿ ಕಲಸಿದರೆ ತಿನ್ನಬಹುದಾದ ಗೊಜ್ಜವಲಕ್ಕಿ. ತಪಾಸಣೆಯ ಒಮಾನಿ ಅಧಿಕಾರಿ ಒಂದು ಡಬ್ಬಿ ಎತ್ತಿ ಅಲ್ಲಾಡಿಸಿ ಹಿಂದಿಯಲ್ಲಿ, "ಇದೇನು?" ಎಂದರು.

"ಅಮ್ಮನ ಊಟ" ಎಂದರು ಎಂಜಿನಿಯರ್.

"ಇಷ್ಟೊಂದಾ? ಯಾಕೆ, ಜಪಾನಿನಲ್ಲಿ ಊಟ ಇಲ್ವಾ?"

ಅಮ್ಮನಿಗೆ ಅಷ್ಟು ಹಿಂದಿ ಬರುತ್ತಿತ್ತು, ಅವರೇ ಉತ್ತರ ಕೊಟ್ಟರು. "ಇದೆಯಂತೆ. ಅದಕ್ಕೇ ತಗೊಂಡು ಹೋಗ್ತಿರೋದು."

ಚಪ್ಪಲಿಯ ಕಥೆ

ಮಠ ತಲುಪಿದ ಮೇಲೆ ಅಮ್ಮನ ಸೊಸೆಯಿಂದ ನನಗೆ ವಾಯ್ಸ್ ಮೆಸೇಜು. ಕಾಗದದ ಗೋಡೆಗೆ ಹೆದರಿ ಪಿಸುಪಿಸು ಅಂತ ಮಾತಾಡಿದ್ದರು. ಫೋನನ್ನು ಕಿವಿಗೆ ಒತ್ತಿ ಹಿಡಿದು ಕೇಳಿದೆ.

ಬಾಗಿಲಲ್ಲಿ ಶೂ ಬಿಡಬೇಕು. ಒಳಗಿನ ಜಗಲಿಗೆ ಒಂದು ಚಪ್ಪಲಿ. ಚಾಪೆಯ ಕೋಣೆಗೆ ಬರಿಗಾಲು. ಶೌಚಾಲಯಕ್ಕೆ ಬೇರೆಯದೇ ಚಪ್ಪಲಿ, ಅದು ಅಲ್ಲಿಂದ ಆಚೆ ಬರುವ ಹಾಗಿಲ್ಲ. ನಮ್ಮ ಎಂಜಿನಿಯರ್ ಶೌಚಾಲಯದ ಚಪ್ಪಲಿಯಲ್ಲೇ ಗಂಭೀರವಾಗಿ ನಡೆದುಕೊಂಡು ಪೂಜೆಯ ಕೋಣೆಯ ತನಕ ಹೋಗಿಬಿಟ್ಟರಂತೆ. ಒಬ್ಬರು ಭಿಕ್ಷು ಓಡಿಬಂದು, ನಮಸ್ಕರಿಸಿ, ಅವರ ಕಾಲಿನಿಂದ ಚಪ್ಪಲಿ ಬಿಡಿಸಿ, ಅದನ್ನು ದೂರ ಹಿಡಿದುಕೊಂಡು ವಾಪಸ್ ಹೋದರಂತೆ.

ಅಮ್ಮ ಎಲ್ಲವನ್ನೂ ನೋಡುತ್ತಾ ನಿಂತಿದ್ದರು. ಮಗನಿಗೆ ಬೈಯಲಿಲ್ಲ. ಸೊಸೆಯ ಕಡೆ ತಿರುಗಿ ಅಂದರಂತೆ, "ಇವನು ಹುಟ್ಟಿದಾಗಿನಿಂದ ನಾನು ಹೇಳ್ತಾ ಬಂದೆ, ಕೇಳಲಿಲ್ಲ. ಈಗ ಪರದೇಶದ ಸ್ವಾಮಿಗಳ ಕೈಲಿ ಹೇಳಿಸಿಕೊಂಡ."

ಮೆಸೇಜು ಕೇಳಿ ನನಗೆ ಸ್ವಲ್ಪ ಧೈರ್ಯ ಬಂತು. ದಣಿಗೆ ಬರಲಿಲ್ಲ. "ಚಪ್ಪಲಿ ಅಲ್ಲ ಮಾರಾಯ್ತಿ, ಊಟ ಮುಖ್ಯ" ಎಂದರು.

ಊಟ

ನಮ್ಮಲ್ಲಿ ಮಧ್ಯಾಹ್ನ, ಅಲ್ಲಿ ಸಂಜೆ. ಎಂಜಿನಿಯರ್ ವಿಡಿಯೋ ಕಾಲ್ ಮಾಡಿದರು. ಅವರ ಮುಖ ಸಪ್ಪಗಿತ್ತು.

"ಮೇಡಂ, ಅಮ್ಮ ತಟ್ಟೆ ಮುಟ್ತಿಲ್ಲ. ನೀವೇ ಮಾತಾಡಿ."

ಫೋನು ತಿರುಗಿತು. ಕೆಂಪು ಬಣ್ಣದ ಗಿಡ್ಡ ಮಣೆಯ ಮೇಲೆ ಪುಟ್ಟ ಪುಟ್ಟ ಬಟ್ಟಲುಗಳು. ಒಂದರಲ್ಲಿ ಎಳ್ಳಿನದ್ದೇನೋ, ಒಂದರಲ್ಲಿ ಬೇಯಿಸಿದ ಕುಂಬಳಕಾಯಿ, ಅನ್ನ, ಉಪ್ಪಿನಕಾಯಿ, ತಿಳಿಸಾರು. ಅದರ ಎದುರು ಅಮ್ಮ ಬೆನ್ನು ನೆಟ್ಟಗೆ ಮಾಡಿ ಕೂತಿದ್ದರು.

"ಎಲ್ಲ ಚೆನ್ನಾಗಿ ಜೋಡಿಸಿದ್ದಾರೆ ಕಣಮ್ಮ. ಅದೇ ನನಗೆ ಅನುಮಾನ. ಈ ಸಾರು ನೋಡು, ಬೇಳೆ ಇಲ್ಲ, ಹುಳಿ ಇಲ್ಲ, ಆದ್ರೂ ಘಮ್ ಅಂತಿದೆ. ಮೀನು ಹಾಕದೆ ಇದು ಹೇಗೆ ಬರುತ್ತೆ?"

"ಅದು ಕಡಲಿನ ಪಾಚಿಯದ್ದು ಅಮ್ಮ. ಸೊಪ್ಪಿನ ಹಾಗೆ."

"ಕಡಲಿಂದ ಬಂದದ್ದು ಅಂತ ಒಪ್ಕೊಂಡೆ ತಾನೇ?"

ಮುಗಿಯಿತು. ಅಮ್ಮ ಬ್ಯಾಗಿನಿಂದ ಗೊಜ್ಜವಲಕ್ಕಿ ಡಬ್ಬಿ ತೆಗೆದರು. ಚಹಾಕ್ಕೆಂದು ಇಟ್ಟಿದ್ದ ಬಿಸಿನೀರನ್ನು ಡಬ್ಬಿಗೇ ಹೊಯ್ದು ಕಲಸಿದರು. ಪರಿಮಳ ಫೋನಿನಲ್ಲಿ ಬರುವುದಿಲ್ಲ, ಆದರೂ ಅಲ್ಲಿ ಕೋಣೆ ತುಂಬಿರಬೇಕು, ಯಾಕೆಂದರೆ ಜಾರುಬಾಗಿಲು ಸರಿಯಿತು. ಅಡುಗೆಯ ಹಿರಿಯ ಭಿಕ್ಷು ಅನ್ನದ ಪಾತ್ರೆ ಹಿಡಿದು ಹೊಸ್ತಿಲಲ್ಲೇ ನಿಂತರು. ಮೂಗು ಒಂದು ಸಲ ಎಳೆದರು. ಮುಟ್ಟದ ತಟ್ಟೆ ನೋಡಿದರು, ಡಬ್ಬಿ ನೋಡಿದರು.

ನನ್ನ ಹಿಂದೆ ನಿಂತಿದ್ದ ದಣಿ ಮೆಲ್ಲಗೆ, "ಖಲಾಸ್" ಎಂದರು. ನನಗೆ ಅಳುವೊಂದು ಬಾಕಿ. ಕಣ್ಣೆದುರು ವೀಸಾ ಲೈನು, ಆ ಬಿಸಿಲು ಎಲ್ಲ ಬಂತು.

ಭಿಕ್ಷು ಡಬ್ಬಿಯ ಎದುರು ಮಂಡಿಯೂರಿ ಕೂತು, ಇದರಲ್ಲಿ ಏನೇನಿದೆ ಎಂದು ಹರಕು ಇಂಗ್ಲಿಷಿನಲ್ಲಿ ಕೇಳಿದರು. ಎಂಜಿನಿಯರ್ ಬೆವರುತ್ತಾ ಒಂದೊಂದೇ ಹೇಳಿದರು. ಅವಲಕ್ಕಿ, ಹುಣಸೆ, ಬೆಲ್ಲ, ಕೊಬ್ಬರಿ, ಇಂಗು. ಈರುಳ್ಳಿ ಬೆಳ್ಳುಳ್ಳಿ ಬಿಟ್ಟ ಮನೆಯಲ್ಲಿ ಇಂಗಿಲ್ಲದೆ ಒಗ್ಗರಣೆಯೇ ಇಲ್ಲ. ಆದರೆ ಇಂಗು ಅಂದರೆ ಏನೆಂದು ಭಿಕ್ಷುವಿಗೆ ತಿಳಿಯಲಿಲ್ಲ. ಎಂಜಿನಿಯರ್ ಇನ್ನೊಂದು ಫೋನಿನಲ್ಲಿ ಅದರ ಜಪಾನಿ ಹೆಸರು ಹುಡುಕಿ ತೋರಿಸಿದರು.

ಭಿಕ್ಷು ಅದನ್ನು ಓದಿ ಕಣ್ಣು ದೊಡ್ಡದು ಮಾಡಿದರು. ಎರಡೂ ಕೈಯಿಂದ ಡಬ್ಬಿಯ ಮುಚ್ಚಳ ಮುಚ್ಚಿದರು. ಆಮೇಲೆ ಅವರು ಹೇಳಿದ್ದನ್ನು ಎಂಜಿನಿಯರ್ ಕನ್ನಡಕ್ಕೆ ತಿರುಗಿಸಿದರು.

"ಅಮ್ಮ, ಇವರ ಅಡುಗೆಮನೆಗೆ ಐದು ಪದಾರ್ಥ ಬರೋ ಹಾಗಿಲ್ಲವಂತೆ. ಈರುಳ್ಳಿ, ಬೆಳ್ಳುಳ್ಳಿ, ಅದೇ ಜಾತಿಯವು ಇನ್ನೆರಡು. ಐದನೆಯದು ಇಂಗಂತೆ. ಹಳೇ ಗ್ರಂಥದಲ್ಲಿ ಹೆಸರು ಓದಿದ್ದರಂತೆ, ಆದ್ರೆ ಜಪಾನಿನಲ್ಲಿ ಸಿಗಲ್ಲ. ಇವರ ಗುರುಗಳೂ ಕಂಡಿರಲಿಲ್ಲವಂತೆ. ಇವತ್ತೇ ಮೊದಲ ಸಲ ನೋಡ್ತಿರೋದಂತೆ."

ಹಿರಿಯ ಭಿಕ್ಷು ಹೊರಗೆ ಹೋಗಿ ಉಳಿದವರನ್ನೂ ಕರೆತಂದರು. ಒಬ್ಬೊಬ್ಬರಾಗಿ ಬಂದರು, ಕೂತರು, ಮುಚ್ಚಳ ಸ್ವಲ್ಪ ಸರಿಸಿ ಮೂಸಿದರು, ನಮಸ್ಕರಿಸಿ ಎದ್ದು ಹೋದರು. ಒಬ್ಬರು ಸೀನಿದರು. ಒಬ್ಬರು ಮೂಸಿ ಹೋದವರು ನಂಬಿಕೆಯಾಗದೆ ತಿರುಗಿ ಬಂದು ಇನ್ನೊಮ್ಮೆ ಮೂಸಿದರು. ಕೊನೆಗೆ ಹಿರಿಯವರು ಡಬ್ಬಿಯನ್ನು ಬಟ್ಟೆಯಲ್ಲಿ ಸುತ್ತಿ ಹೊರಗೆ ಒಯ್ದರು.

"ಎಲ್ಲಿಗೆ ತಗೊಂಡು ಹೋದರೋ?" ಎಂದರು ಅಮ್ಮ.

"ಗೇಟಿನ ಆಚೆ ಇಡ್ತಾರಂತೆ ಅಮ್ಮ. ನಾಳೆ ಹೊರಡುವಾಗ ಕೊಡ್ತಾರಂತೆ. ನೀನು ಕೈ ಬಾಯಿ ತೊಳೆದು ಬಂದ್ರೆ ಊಟಕ್ಕೆ ಕೂರಬಹುದಂತೆ."

ಜೀವಮಾನವಿಡೀ ಬೇರೆಯವರಿಗೆ ಹೇಳುತ್ತಿದ್ದ ಮಾತನ್ನು ಅಮ್ಮ ಅವತ್ತು ಕೇಳಿಸಿಕೊಂಡರು. ಅಮ್ಮ ಎದ್ದರು, ಹೋಗಿ ಕೈ ಬಾಯಿ ತೊಳೆದು ಬಂದರು, ಸೆರಗು ಸರಿಮಾಡಿಕೊಂಡು ಕೂತರು. ಮೊದಲು ಎತ್ತಿದ್ದೇ ಆ ತಿಳಿಸಾರಿನ ಬಟ್ಟಲು. ಆಮೇಲೆ ಕುಂಬಳಕಾಯಿ, ಎಳ್ಳಿನದ್ದು, ಉಪ್ಪಿನಕಾಯಿ. ಮಗನ ಮಣೆಯಲ್ಲಿ ಉಳಿದಿದ್ದ ಎಳ್ಳಿನ ಬಟ್ಟಲನ್ನೂ ತಮ್ಮ ಕಡೆ ಎಳೆದುಕೊಂಡರು.

"ಉಂಡರಾ?" ಎಂದರು ದಣಿ, ನನ್ನ ಭುಜದ ಮೇಲಿಂದ ಬಗ್ಗಿ.

"ಉಣ್ತಾ ಇದ್ದಾರೆ."

ದಣಿ ಒಂದು ಕುರ್ಚಿ ಎಳೆದು ನನ್ನ ಮೇಜಿನ ಎದುರು, ಗಿರಾಕಿಗಳು ಕೂರುವ ಜಾಗದಲ್ಲಿ ಕೂತರು. ನನಗೆ ಮಾತ್ರ ಇನ್ನೂ ಪೂರ್ತಿ ನಂಬಿಕೆ ಬಂದಿರಲಿಲ್ಲ.

"ಅಮ್ಮ, ಮೀನಿನ ಅನುಮಾನ ಹೋಯ್ತಾ?" ಎಂದು ಕೇಳಿಯೇಬಿಟ್ಟೆ.

ಅಮ್ಮ ಖಾಲಿ ಬಟ್ಟಲು ಕೆಳಗಿಟ್ಟು, ನೆಮ್ಮದಿಯಿಂದ ಬಾಯಿ ಒರೆಸಿಕೊಂಡರು.

"ಇವರನ್ನ ನಂಬಬಹುದು ಕಣಮ್ಮ. ನನ್ನನ್ನೇ ನಂಬಲಿಲ್ಲ ನೋಡು."